ಕೋವಿಗೆ ಲೈಸೆನ್ಸ್ ಇದೆ, ಹಂದಿಗೆ ಈಡು ಹೊಡೆಯುವ ಹಾಗಿಲ್ಲ

ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆಯ ಯಾವುದಾದರೂ ಹಳೇ ತೋಟದ ಮನೆಯಲ್ಲಿ ಕೋವಿಯ ಲೈಸೆನ್ಸ್ ಪುಸ್ತಕ ಕೇಳಿ ನೋಡಿ. ಮೂಲೆ ಮಡಚಿಹೋದ ಪುಟ್ಟ ಪುಸ್ತಕ, ಒಳಗೆ ಸಾಲಾಗಿ ರಿನ್ಯೂವಲ್ ಸೀಲುಗಳು. ಎಸ್‌ಬಿಎಂಎಲ್ ಅಂತ ಇದ್ದರೆ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ, ಎಸ್‌ಬಿಬಿಎಲ್ ಅಂದರೆ ತೋಟಾ ಹಾಕುವ ಒಂಟಿನಳಿಗೆ, ಡಿಬಿಬಿಎಲ್ ಅಂದರೆ ಜೋಡುನಳಿಗೆ. ಯಾತಕ್ಕೆ ಅನ್ನುವ ಜಾಗದಲ್ಲಿ ಎಷ್ಟೋ ಪುಸ್ತಕಗಳಲ್ಲಿ ಇರುವುದು ಒಂದೇ: ಬೆಳೆ ರಕ್ಷಣೆ. ಸರಕಾರವೇ ಸೀಲು ಹಾಕಿ ಕೊಟ್ಟ ಮಾತಿದು. ಆದರೆ ಅದೇ ಮನೆಯವರು ರಾತ್ರಿ ತೋಟಕ್ಕೆ ನುಗ್ಗಿ ಬಾಳೆ ಬುಡ ಕೀಳುತ್ತಿರುವ ಹಂದಿಗೆ ಈಡು ಹೊಡೆದರೆ, ಬೆಳಗಾಗುವಷ್ಟರಲ್ಲಿ ಅರಣ್ಯ ಇಲಾಖೆಯವರು ಬಂದು ಕೇಸು ಹಾಕಬಹುದು. ಅದೂ ಸರಕಾರವೇ.

ನಮ್ಮ ಜಿಲ್ಲೆಗಳ ಮಟ್ಟಿಗೆ ಬಂದೂಕು ಕಾನೂನಿನ ನಿಜವಾದ ಜಗಳ ಇರುವುದು ಇಲ್ಲಿ. ಆದರೆ ಕೋವಿ ಅಂದ ತಕ್ಷಣ ನಮ್ಮ ಮಾತು ಹೋಗುವುದು ಅಮೆರಿಕಕ್ಕೆ. ಅಲ್ಲಿ ಯಾವುದೋ ಶಾಲೆಯಲ್ಲೋ ಮಾಲ್‌ನಲ್ಲೋ ಗುಂಡಿನ ದಾಳಿ ಆದಾಗಲೆಲ್ಲ, ಮಕ್ಕಳನ್ನು ಅಲ್ಲಿಗೆ ಕೆಲಸಕ್ಕೆ ಕಳಿಸಿರುವ ಹಾಸನದ ಅಪ್ಪ-ಅಮ್ಮಂದಿರು ಫೋನ್ ಹಿಡಿದು ಕೂರುತ್ತಾರೆ, ಆತಂಕ ಇಳಿದ ಮೇಲೆ ಅದೇ ಹಳೇ ಪ್ರಶ್ನೆ ಏಳುತ್ತದೆ. ಇಷ್ಟು ಜನ ಸಾಯುತ್ತಿದ್ದರೂ ಅವರು ಯಾಕೆ ಬಂದೂಕು ನಿಲ್ಲಿಸುವುದಿಲ್ಲ? ಅರ್ಧ ಉತ್ತರ ರಾಜಕೀಯ. ಇನ್ನರ್ಧ ಕೋರ್ಟು.

ಅಲ್ಲಿನ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೇ ತಿದ್ದುಪಡಿ ಆಯುಧ ಇಟ್ಟುಕೊಳ್ಳುವುದನ್ನು ಜನರ ಹಕ್ಕು ಅನ್ನುತ್ತದೆ. ಅದು ಊರ ಕಾವಲು ಪಡೆಗಳಿಗೆ ಸೇರಿದ ಮಾತೋ, ಒಬ್ಬೊಬ್ಬ ಪ್ರಜೆಯ ಸ್ವಂತ ಹಕ್ಕೋ ಅಂತ ಬಹಳ ಕಾಲ ವಾದ ನಡೆಯಿತು. 2008ರಲ್ಲಿ ಹೆಲ್ಲರ್ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5-4ರಿಂದ ಸ್ವಂತ ಹಕ್ಕೇ ಅಂತ ಹೇಳಿ, ವಾಷಿಂಗ್ಟನ್ ನಗರದ ಕೈಬಂದೂಕು ನಿಷೇಧವನ್ನು ಹೊಡೆದುಹಾಕಿತು. 2010ರಲ್ಲಿ ಶಿಕಾಗೋ ಕೇಸಿನಲ್ಲಿ ಇದು ರಾಜ್ಯಗಳಿಗೂ ನಗರಗಳಿಗೂ ಅನ್ವಯ ಅಂದಿತು. ದೊಡ್ಡ ತಿರುವು ಬಂದದ್ದು 2022ರ ಬ್ರೂಯನ್ ತೀರ್ಪಿನಲ್ಲಿ. ಮನೆಯಿಂದ ಹೊರಗೆ ಕೈಬಂದೂಕು ಒಯ್ಯಬೇಕಾದರೆ ನಿಮಗೆ ಮಾತ್ರ ಇರುವ ವಿಶೇಷ ಕಾರಣ ತೋರಿಸಿ ಅನ್ನುತ್ತಿದ್ದ ನ್ಯೂಯಾರ್ಕಿನ ನೂರು ವರ್ಷಕ್ಕೂ ಹಳೆಯ ಕಾನೂನು 6-3ರಿಂದ ಬಿದ್ದುಹೋಯಿತು.

ವಿಶೇಷ ಕಾರಣ ತೋರಿಸಿ ಅನ್ನುವುದು ನಮ್ಮ ಡಿಸಿ ಆಫೀಸಿನ ದಿನನಿತ್ಯದ ಪ್ರಶ್ನೆ, ಅಲ್ವಾ? ಅಲ್ಲಿ ಸಂವಿಧಾನಕ್ಕೆ ವಿರುದ್ಧ ಅನ್ನಿಸಿಕೊಂಡದ್ದು ಇಲ್ಲಿ ಸಾಮಾನ್ಯ ಪದ್ಧತಿ.

ಬ್ರೂಯನ್ ಇನ್ನೂ ಒಂದು ಕೆಲಸ ಮಾಡಿತು. ಯಾವುದೇ ಬಂದೂಕು ನಿಯಂತ್ರಣ ಉಳಿಯಬೇಕಾದರೆ ಅಂಥದ್ದೇ ನಿಯಂತ್ರಣ ದೇಶದ ಹಳೇ ಇತಿಹಾಸದಲ್ಲೂ ಇತ್ತು ಅಂತ ಸರಕಾರವೇ ತೋರಿಸಬೇಕು ಅಂದಿತು. ಅಲ್ಲಿಂದ ಕೆಳಗಿನ ಕೋರ್ಟುಗಳ ಜಡ್ಜುಗಳು 18ನೇ ಶತಮಾನದ ಕಾನೂನು ಪುಸ್ತಕಗಳ ಧೂಳು ಕೊಡವುತ್ತಾ ಕೂತರು, ಒಬ್ಬೊಬ್ಬರಿಗೆ ಒಂದೊಂದು ಉತ್ತರ ಸಿಕ್ಕಿತು. ಹೆಂಡತಿಯನ್ನೋ ಸಂಗಾತಿಯನ್ನೋ ಹೊಡೆದು ಕೋರ್ಟಿನಿಂದ ನಿರ್ಬಂಧದ ಆದೇಶ ಇರುವವನ ಕೈಯಿಂದ ಬಂದೂಕು ತೆಗೆಯಬಹುದಾ ಅನ್ನುವಷ್ಟು ಸರಳ ಪ್ರಶ್ನೆಯೂ ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. 2024ರ ಜೂನ್‌ನಲ್ಲಿ ರಹೀಮಿ ಕೇಸಿನಲ್ಲಿ 8-1ರಿಂದ ತೆಗೆಯಬಹುದು ಅಂತ ಆಯಿತು. ಒಪ್ಪದ ಆ ಒಬ್ಬರು ಬ್ರೂಯನ್ ತೀರ್ಪು ಬರೆದಿದ್ದ ಜಸ್ಟಿಸ್ ಥಾಮಸ್ ಅವರೇ. ಅದೇ ತಿಂಗಳು ಬಂಪ್ ಸ್ಟಾಕ್ ನಿಷೇಧ ಬಿತ್ತು. ಟ್ರಿಗರ್ ಪಟಪಟ ಅಂತ ಒತ್ತಿಕೊಳ್ಳುವ ಹಾಗೆ ಮಾಡುವ ಆ ಸಾಧನವನ್ನು 2017ರ ಲಾಸ್ ವೇಗಸ್ ಹತ್ಯಾಕಾಂಡದ ನಂತರ ನಿಷೇಧಿಸಿದ್ದರು. ಅದು ಬಿದ್ದದ್ದು ಹಕ್ಕಿನ ಕಾರಣಕ್ಕಲ್ಲ. ಕಾನೂನಿನಲ್ಲಿ ಮಷಿನ್‌ಗನ್ ಅಂದರೆ ಏನು ಅಂತ ಬರೆದಿರುವುದರೊಳಗೆ ಅದು ಸೇರುವುದಿಲ್ಲ ಅನ್ನುವ ಕಾರಣಕ್ಕೆ. ಇನ್ನು 2025ರ ಮಾರ್ಚ್‌ನಲ್ಲಿ, ಬಿಡಿಭಾಗ ತರಿಸಿ ಮನೆಯಲ್ಲೇ ಜೋಡಿಸಿಕೊಳ್ಳುವ ನಂಬರಿಲ್ಲದ ಬಂದೂಕುಗಳ ಮೇಲಿನ ನಿಯಮವನ್ನು ಅದೇ ಕೋರ್ಟ್ 7-2ರಿಂದ ಉಳಿಸಿತು. ಅಂದರೆ ಅಲ್ಲಿ ಎಲ್ಲ ಬಂದೂಕಿಗೂ ಬಾಗಿಲು ತೆರೆದಿದೆ ಅನ್ನುವುದೂ ಪೂರ್ತಿ ನಿಜವಲ್ಲ.

ಈಗ ನಮ್ಮ ಕಡೆ ಬರೋಣ. ನಮ್ಮ ಸಂವಿಧಾನದಲ್ಲಿ ಆಯುಧದ ಹಕ್ಕು ಇಲ್ಲ. ಯಾರಿಗೂ ಹೊಳೆಯದೆ ಬಿಟ್ಟುಹೋದದ್ದಲ್ಲ ಇದು. 1878ರ ಆಯುಧ ಕಾಯ್ದೆಯಲ್ಲಿ ಬ್ರಿಟಿಷರು ಭಾರತೀಯರ ಕೈಯಿಂದ ಕೋವಿ ಕಿತ್ತುಕೊಂಡು ತಮ್ಮವರಿಗೆ ವಿನಾಯಿತಿ ಇಟ್ಟುಕೊಂಡಿದ್ದರು. ಆ ಸಿಟ್ಟು ಎಷ್ಟಿತ್ತು ಅಂದರೆ, 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಸೇರಿತ್ತು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನು ಸೇರಿಸಿ ಅಂತ ತಿದ್ದುಪಡಿ ತಂದವರು ಎಚ್.ವಿ. ಕಾಮತ್, ಮಂಗಳೂರಿನಲ್ಲಿ ಹುಟ್ಟಿದವರು. ಅಂಬೇಡ್ಕರ್ ಒಪ್ಪಲಿಲ್ಲ. ಪರಕೀಯರ ಆಳ್ವಿಕೆಯಲ್ಲಿ ಆ ಬೇಡಿಕೆಗೆ ಅರ್ಥ ಇತ್ತು, ಈಗ ಕಾಲ ಬದಲಾಗಿದೆ ಅನ್ನುವುದು ಅವರ ವಾದದ ತಿರುಳು. ತಿದ್ದುಪಡಿ ಬಿದ್ದುಹೋಯಿತು. 19ನೇ ವಿಧಿಯಲ್ಲಿ ಆಯುಧದ ಮಾತು ಬರುವುದು ಒಂದೇ ಕಡೆ, ಅದೂ ಉಲ್ಟಾ: ಆಯುಧ ಇಲ್ಲದೆ ಶಾಂತಿಯಿಂದ ಸಭೆ ಸೇರುವ ಹಕ್ಕು.

ಮಧ್ಯೆ ಒಮ್ಮೆ ಹಿಂಬಾಗಿಲಿನಿಂದ ಹಕ್ಕು ತರುವ ಪ್ರಯತ್ನವೂ ನಡೆಯಿತು. 1993ರಲ್ಲಿ ಅಲಹಾಬಾದ್ ಹೈಕೋರ್ಟಿನ ಜಸ್ಟಿಸ್ ಮಾರ್ಕಂಡೇಯ ಕಾಟ್ಜು, ಆತ್ಮರಕ್ಷಣೆಗೆ ಆಯುಧ ಇಟ್ಟುಕೊಳ್ಳುವುದು 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ತೀರ್ಪು ಕೊಟ್ಟರು. ಅದೇ ಹೈಕೋರ್ಟಿನ ದೊಡ್ಡ ಪೀಠ ಆಮೇಲೆ ಅದನ್ನು ಒಪ್ಪಲಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್, ಜಸ್ಟಿಸ್ ಕೆ.ಎಂ. ಜೋಸೆಫ್ ಮತ್ತು ನಮ್ಮ ಕನ್ನಡದವರೇ ಆದ ಜಸ್ಟಿಸ್ ಬಿ.ವಿ. ನಾಗರತ್ನ ಅವರ ಪೀಠ, ಜಾಮೀನು ಅರ್ಜಿಯೊಂದನ್ನು ಕೇಳುತ್ತಾ ಲೈಸೆನ್ಸ್ ಇಲ್ಲದ ಬಂದೂಕುಗಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಅಮೆರಿಕದ ಹಾಗೆ ಇಲ್ಲಿ ಆಯುಧದ ಮೂಲಭೂತ ಹಕ್ಕು ಇಲ್ಲ ಅಂತ ಆಗ ನೇರವಾಗಿಯೇ ಹೇಳಿತು.

ಹಕ್ಕು ಇಲ್ಲ ಅಂದ ಮೇಲೆ ಕೋರ್ಟಿನಲ್ಲಿ ಜಗಳ ಯಾತಕ್ಕೆ? ಕಾರಣಕ್ಕೆ. ನೀವು ಕೊಟ್ಟ ಕಾರಣ, ಅಧಿಕಾರಿ ಕೊಟ್ಟ ಕಾರಣ. ಇಡೀ ಆಟ ಇರುವುದು ಅಲ್ಲೇ.

1959ರ ಆಯುಧ ಕಾಯ್ದೆಯನ್ನು ಗಮನವಿಟ್ಟು ಓದಿದವರು ಕಡಿಮೆ ಅನ್ನಿಸುತ್ತದೆ, ಯಾಕೆಂದರೆ ಅದರ 13ನೇ ಸೆಕ್ಷನ್ ನಮ್ಮ ರೈತರ ಪರವಾಗಿ ಚೆನ್ನಾಗಿಯೇ ಇದೆ. 20 ಇಂಚಿಗೆ ಕಡಿಮೆ ಇಲ್ಲದ ನಳಿಗೆಯ ಸ್ಮೂತ್ ಬೋರ್ ಬಂದೂಕು, ಅಂದರೆ ನಳಿಗೆಯ ಒಳಮೈ ನುಣುಪಾಗಿರುವ ಬಂದೂಕು, ರಕ್ಷಣೆಗೋ ಕ್ರೀಡೆಗೋ ಬೇಕು ಅಂದರೆ, ಇಲ್ಲಾ ಕೇಪಿನ ಕೋವಿ ನಿಜವಾಗಿಯೂ ಬೆಳೆ ಕಾಯಲಿಕ್ಕೆ ಬೇಕು ಅಂದರೆ, ಅಡ್ಡಿ ಇಲ್ಲದಿದ್ದ ಪಕ್ಷದಲ್ಲಿ ಲೈಸೆನ್ಸ್ ಕೊಡಬೇಕು ಅಂತಲೇ ಅದು ಹೇಳುತ್ತದೆ. ಕೇಪಿನ ಕೋವಿ ಸಾಲುವುದಿಲ್ಲ ಅಂತ ಅಧಿಕಾರಿಗೆ ಮನವರಿಕೆ ಆದರೆ ಬೇರೆ ಸ್ಮೂತ್ ಬೋರ್ ಬಂದೂಕಿಗೂ ಕೊಡಬಹುದು. ಪಿಸ್ತೂಲು, ರಿವಾಲ್ವರ್ ಥರದವಕ್ಕೆ ಮಾತ್ರ ತಕ್ಕ ಕಾರಣ ಇದೆಯಾ ಅಂತ ಅಧಿಕಾರಿ ತೂಗಿ ನೋಡಬೇಕು. ಅಂದರೆ ತೋಟದ ಕೋವಿಯನ್ನೂ ಸೊಂಟದ ಪಿಸ್ತೂಲನ್ನೂ ಕಾನೂನು ಬೇರೆ ಬೇರೆಯಾಗಿಯೇ ನೋಡಿದೆ. ಆಫೀಸಿನಲ್ಲಿ ಮಾತ್ರ ಎರಡೂ ಒಂದೇ ರಾಶಿಗೆ ಬೀಳುತ್ತವೆ.

ಅರ್ಜಿ ಹಾಕಿದ ಮೇಲೆ ಠಾಣೆಯ ವರದಿ ಬರಬೇಕು. 2016ರ ಆಯುಧ ನಿಯಮಗಳಲ್ಲಿ ಇದಕ್ಕೆಲ್ಲ ಗಡುವು ಇದೆ. ವರದಿ ಬಾರದೇ ಹೋದರೆ ಕಾಯದೆ ತೀರ್ಮಾನ ಮಾಡಬಹುದು ಅಂತ ಕಾಯ್ದೆಯಲ್ಲೇ ಇದೆ. ಕೋವಿ ಹಿಡಿಯಲು ಬರುತ್ತದೆ ಅನ್ನುವ ತರಬೇತಿ ಸರ್ಟಿಫಿಕೇಟ್ ಕೂಡ ಬೇಕು. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಕಾಫಿ ತೋಟದವರು ಸೇರುವುದು ಇದಕ್ಕೇ. ಇದೆಲ್ಲ ಸರಿ. ತಕರಾರು ಶುರುವಾಗುವುದು ತಿರಸ್ಕಾರದ ಆದೇಶದಲ್ಲಿ. 'ಪೊಲೀಸ್ ವರದಿ ಪ್ರತಿಕೂಲವಾಗಿರುವುದರಿಂದ ಅರ್ಜಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ' ಅನ್ನುವ ಥರದ ಒಂದು ಸಾಲು. ಯಾವ ವರದಿ, ಏನು ಪ್ರತಿಕೂಲ, ಸುದ್ದಿ ಇಲ್ಲ. 14ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ನಿರಾಕರಿಸಲು ಅಧಿಕಾರಿಗೆ ಸಾರ್ವಜನಿಕ ಶಾಂತಿ, ಸುರಕ್ಷತೆ, ಅರ್ಜಿದಾರನ ಅನರ್ಹತೆ ಇಂಥ ಆಧಾರ ಇರಬೇಕು. ಆಸ್ತಿ ಕಮ್ಮಿ ಅನ್ನುವ ಒಂದೇ ನೆಪಕ್ಕೆ ನಿರಾಕರಿಸುವ ಹಾಗಿಲ್ಲ. ಕಾರಣ ಬರೆದಿಡಬೇಕು, ಕೇಳಿದರೆ ಕೊಡಬೇಕು. ಯಾವುದೋ ಬೇಲಿ ಜಗಳದ ಕೇಸು ಬಾಕಿ ಇದೆ ಅಂದ ಮಾತ್ರಕ್ಕೆ ಲೈಸೆನ್ಸ್ ರದ್ದು ಮಾಡುವುದು ತಪ್ಪು, ಅದರಿಂದ ಶಾಂತಿಗೆ ಹೇಗೆ ಭಂಗ ಅಂತ ಹೇಳಬೇಕು ಅಂತ ಹೈಕೋರ್ಟುಗಳು ಹೇಳುತ್ತಲೇ ಬಂದಿವೆ. ಆ ಒಂದು ಸಾಲಿನ ಆದೇಶಗಳು ಕೋರ್ಟಿನಲ್ಲಿ ನಿಲ್ಲದೇ ಇರುವುದು ಇದಕ್ಕೇ.

ಚುನಾವಣೆಯ ಕಥೆ ಇನ್ನೊಂದು. ನೀತಿಸಂಹಿತೆ ಬಂತು ಅಂದರೆ ಕೋವಿ ಠಾಣೆಯಲ್ಲಿ ಇಡಬೇಕು. ಆಯೋಗದ ಸೂಚನೆಯನ್ನು ಸರಿಯಾಗಿ ನೋಡಿದರೆ, ಜಿಲ್ಲಾ ಮಟ್ಟದ ಸ್ಕ್ರೀನಿಂಗ್ ಸಮಿತಿ ಒಬ್ಬೊಬ್ಬರ ವಿಷಯ ನೋಡಬೇಕು. ಜಾಮೀನಿನ ಮೇಲಿರುವವರು, ಕ್ರಿಮಿನಲ್ ಹಿನ್ನೆಲೆ ಇರುವವರು, ಹಿಂದೆ ಗಲಾಟೆಯಲ್ಲಿ ಸಿಕ್ಕವರು, ಇಂಥವರ ಆಯುಧ ಮುಖ್ಯವಾಗಿ ತೆಗೆದಿಡಬೇಕು. ನಡೆಯುವುದು? ಎಲ್ಲರೂ ತಂದಿಡಿ ಅಂತ ಒಂದೇ ಪ್ರಕಟಣೆ. 2024ರ ಲೋಕಸಭೆ ಚುನಾವಣೆ ಘೋಷಣೆ ಆದದ್ದು ಮಾರ್ಚ್ 16ಕ್ಕೆ. ಹಾಸನ ಮತ್ತು ಉಡುಪಿ-ಚಿಕ್ಕಮಗಳೂರಿನಲ್ಲಿ ಮತದಾನ ಏಪ್ರಿಲ್ 26ಕ್ಕೇ ಮುಗಿಯಿತು. ಫಲಿತಾಂಶ ಜೂನ್ 4. ಅದಾಗಿ ಒಂದು ವಾರದ ತನಕ ಆಯುಧ ಠಾಣೆಯಲ್ಲೇ ಅನ್ನುವುದು ನಿಯಮ. ಲೆಕ್ಕ ಹಾಕಿ, ಹತ್ತಿರ ಹತ್ತಿರ ಮೂರು ತಿಂಗಳು. ತೋಟದಲ್ಲಿ ಹಲಸು ಹಣ್ಣಾಗಿ ಆನೆ ವಾಸನೆ ಹಿಡಿದು ಬರುವ ಹೊತ್ತು ಅದು, ಮನೆಯಲ್ಲಿ ಉಳಿದಿರುವುದು ಠಾಣೆಯವರು ಕೊಟ್ಟ ರಸೀದಿ ಮಾತ್ರ. ಆನೆಗೆ ಯಾರೂ ಗುಂಡು ಹೊಡೆಯುವ ಹಾಗಿಲ್ಲ, ನಿಜ. ಆದರೆ ಗಾಳಿಯಲ್ಲಿ ಒಂದು ಈಡು ಹಾರಿಸಿ ಹೆದರಿಸುವುದೇ ಎಷ್ಟೋ ಕಡೆ ಇದ್ದ ಧೈರ್ಯ. ಮಲೆನಾಡು, ಕರಾವಳಿಯ ಕೃಷಿಕರು ಇದೇ ತಕರಾರು ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದ್ದಾರೆ. 2024ರಲ್ಲಿ ಅಲಹಾಬಾದ್ ಹೈಕೋರ್ಟ್ ಕೂಡ ಸಾರಾಸಗಟಾಗಿ ಎಲ್ಲರಿಂದ ಆಯುಧ ಠೇವಣಿ ಇಡಿಸಿಕೊಳ್ಳುವ ಹಾಗಿಲ್ಲ, ಒಬ್ಬೊಬ್ಬರಿಗೂ ಕಾರಣ ಬರೆದು ಕೇಳಿ ಅಂದಿತು. ನನ್ನ ಪ್ರಕಾರ ಅದು ನೂರಕ್ಕೆ ನೂರು ಸರಿ. ಮತದಾನ ಮುಗಿದ ಜಿಲ್ಲೆಯ ಕೇಪಿನ ಕೋವಿ ಬೇರೆ ರಾಜ್ಯದ ಮತ ಎಣಿಕೆಗೆ ಕಾಯುತ್ತಾ ಕೂರಬೇಕು ಅನ್ನುವುದರಲ್ಲಿ ಏನರ್ಥ?

ಕೊಡಗಿನ ಮಾತು ತೆಗೆಯದೆ ಈ ಚರ್ಚೆ ಮುಗಿಯುವುದಿಲ್ಲ. ಹಾಸನ ಜಿಲ್ಲೆಯ ಯಸಳೂರಿನಿಂದ ಕೊಡಗಿನ ಶನಿವಾರಸಂತೆ ಕಡೆ ಹೊರಟರೆ ಸ್ವಲ್ಪ ದೂರಕ್ಕೇ ಜಿಲ್ಲೆ ಬದಲಾಗುತ್ತದೆ. ಅದೇ ಕಾಫಿ, ಅದೇ ಮೆಣಸು, ಅದೇ ಆನೆ. ಆದರೆ ಗಡಿಯ ಆಚೆ ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಬಂದದ್ದು, ಸ್ವಾತಂತ್ರ್ಯದ ನಂತರ 1963ರ ಅಧಿಸೂಚನೆಯಲ್ಲಿ ಮುಂದುವರಿಯಿತು. ಕೇಂದ್ರ ಸರಕಾರ 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್ ತನಕ ವಿಸ್ತರಿಸಿತು. ಜಾತಿ, ಜನಾಂಗ, ಭೂ ಹಿಡುವಳಿ ನೋಡಿ ವಿನಾಯಿತಿ ಕೊಡುವುದು ಸಮಾನತೆಗೆ ವಿರುದ್ಧ ಅಂತ ನಿವೃತ್ತ ಸೇನಾಧಿಕಾರಿಯೊಬ್ಬರು ಹೈಕೋರ್ಟಿಗೆ ಹೋದರು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಸ್ವಾತಂತ್ರ್ಯಕ್ಕೆ ಮೊದಲಿನಿಂದ ಬಂದ ಪದ್ಧತಿ, ಶೌರ್ಯದ ಪರಂಪರೆ, ಮೇಲಾಗಿ ಇದು ಕೊನೆಯಿಲ್ಲದ ವಿನಾಯಿತಿಯಲ್ಲ, ಅವಧಿಯೂ ಷರತ್ತುಗಳೂ ಇವೆ ಅನ್ನುವುದು ಕೋರ್ಟಿನ ದಾರಿ.

ಕೈಲ್‌ಪೊಳ್ದ್ ದಿನ ಕೋವಿಗೆ ಪೂಜೆ ಮಾಡುವ ಮನೆಗಳ ಬಗ್ಗೆ ನನಗೆ ಗೌರವವೇ ಇದೆ, ಅವರ ಕೈಯಿಂದ ಕೋವಿ ಕಿತ್ತುಕೊಳ್ಳಿ ಅಂತ ಹೇಳುವ ಮನಸ್ಸು ಇಲ್ಲ. ಆದರೂ ತೀರ್ಪಿನ ವಾದ ನನಗೆ ಪೂರ್ತಿ ಜೀರ್ಣ ಆಗಿಲ್ಲ. ಇತಿಹಾಸದಲ್ಲಿ ಇತ್ತು, ಆದ್ದರಿಂದ ಇರಲಿ ಅನ್ನುವುದು ಬ್ರೂಯನ್ ತೀರ್ಪಿನ ಧಾಟಿಯೇ ಅಲ್ವಾ? ಅಲ್ಲಿ ಇಡೀ ದೇಶಕ್ಕೆ, ಇಲ್ಲಿ ಒಂದು ಸಮುದಾಯಕ್ಕೆ. ಯಸಳೂರಿನ ಬೆಳೆಗಾರ ಪಹಣಿ, ಆಧಾರ್, ತರಬೇತಿ ಸರ್ಟಿಫಿಕೇಟ್ ಎಲ್ಲ ಕಟ್ಟಿಕೊಂಡು ಹಾಸನದ ಡಿಸಿ ಆಫೀಸಿಗೆ ಅಲೆಯುವಾಗ ಅವನಿಗೆ ಕಾಣುವುದು ಪಕ್ಕದ ಹೋಬಳಿಯ ಶೌರ್ಯ ಪರಂಪರೆಯಲ್ಲ, ತನ್ನ ಫೈಲಿನ ದಪ್ಪ.

ಇಷ್ಟೆಲ್ಲ ದಾಟಿ ಕೋವಿ ಕೈಗೆ ಬಂತು ಅಂತಿಟ್ಟುಕೊಳ್ಳಿ. ಹಂದಿಯೂ ಬಂತು. ಆಗ ಎದುರಾಗುವುದು 1972ರ ವನ್ಯಜೀವಿ ಕಾಯ್ದೆ. ನಿಮ್ಮ ಮೈಮೇಲೆ ಬಿದ್ದರೆ ಜೀವ ಉಳಿಸಿಕೊಳ್ಳಲು ಹೊಡೆಯಬಹುದು, ಅದು ಅಪರಾಧವಲ್ಲ. ಬೆಳೆ ತಿಂದಿತು ಅಂತ ಹೊಡೆಯಲು 11ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಆದೇಶ ಬೇಕು. ಹಂದಿ 2022ರ ತಿದ್ದುಪಡಿಯ ನಂತರ ಆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ, ಅಂದರೆ ಪ್ರಾಣಿಗಳ ಎರಡನೇ ಪಟ್ಟಿಯಲ್ಲಿದೆ, ಹಾಗಾಗಿ ಅನುಮತಿಗೆ ದಾರಿಯಾದರೂ ಇದೆ. ಕಾಟಿ (ಕಾಡುಕೋಣ), ನವಿಲು, ಆನೆ ಮೊದಲನೇ ಅನುಸೂಚಿ. ಬೆಳೆ ಹಾಳು ಅನ್ನುವ ಕಾರಣಕ್ಕೆ ಅವನ್ನು ಮುಟ್ಟುವ ಹಾಗೇ ಇಲ್ಲ. ಮಲೆನಾಡಿನವರಿಗೆ ಇನ್ನೂ ಒಂದು ಗಂಟು ಇದೆ. ಅಭಯಾರಣ್ಯದ ಸುತ್ತ 10 ಕಿಲೋಮೀಟರ್ ಒಳಗೆ ಹೊಸ ಕೋವಿ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ವಾರ್ಡನ್ ಮೊದಲೇ ಒಪ್ಪಿರಬೇಕು ಅನ್ನುತ್ತದೆ ಆ ಕಾಯ್ದೆಯ 34ನೇ ಸೆಕ್ಷನ್. ಭದ್ರಾ ಅಭಯಾರಣ್ಯದ ಸುತ್ತ ಒಮ್ಮೆ ಆ 10 ಕಿಲೋಮೀಟರ್ ಗೆರೆ ಎಳೆದು ನೋಡಿ, ಎಷ್ಟು ಹಳ್ಳಿ ಒಳಗೆ ಬರುತ್ತವೆ ಅಂತ. ಹಂದಿ ಕಾಟ ಜಾಸ್ತಿ ಇರುವ ಊರುಗಳಿಗೇ ಕೋವಿ ಸಿಗುವುದು ಕಷ್ಟ.

ಹೀಗಾಗಿ ನಮ್ಮ ಬೆಳೆ ರಕ್ಷಣೆ ಲೈಸೆನ್ಸ್ ಅಂದರೆ ಮದುವೆಗೆ ಒಪ್ಪಿ ಛತ್ರಕ್ಕೆ ಬೀಗ ಹಾಕಿದ ಹಾಗೆ.

ಬೇರೆ ಕಡೆ ಏನು ಮಾಡಿದ್ದಾರೆ? ಕೇರಳ 2022ರಲ್ಲಿ ಹಂದಿ ವಿಷಯದ ಅಧಿಕಾರವನ್ನು ಪಂಚಾಯ್ತಿ ಅಧ್ಯಕ್ಷರ ಕೈಗೆ ಕೊಟ್ಟಿತು, ಅವರ ಆದೇಶದ ಮೇಲೆ ಲೈಸೆನ್ಸ್ ಇರುವವರು ಹೊಡೆಯಬಹುದು. ಹಂದಿಯನ್ನು ಅನುಮತಿ ಇಲ್ಲದೆ ಹೊಡೆಯಬಹುದಾದ ಪೀಡೆ ಪ್ರಾಣಿ ಅಂತ ಘೋಷಿಸಿ ಅಂತ ಕೇಂದ್ರವನ್ನು ಕೇಳಿದರೆ ಮಾತ್ರ ಒಪ್ಪಿಗೆ ಸಿಗಲಿಲ್ಲ. ಅದೇ ಕೇಂದ್ರ ಬಿಹಾರದ ನೀಲಗಾಯ್‌ಗೂ ಉತ್ತರಾಖಂಡದ ಹಂದಿಗೂ ಹಿಂದೆ ಅಂಥ ಘೋಷಣೆ ಮಾಡಿತ್ತು. ಪ್ರಾಣಿಪ್ರಿಯರು ಕೋರ್ಟಿಗೆ ಹೋದಾಗ 2016ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಡಲಿಲ್ಲ. ನನಗೆ ಕೇರಳದ ದಾರಿ ಹೆಚ್ಚು ಹಿಡಿಸುತ್ತದೆ. ಯಾರು ಹೊಡೆದರು, ಎಲ್ಲಿ, ಯಾರ ಆದೇಶದ ಮೇಲೆ ಅನ್ನುವ ದಾಖಲೆ ಇರುತ್ತದೆ. ಪೀಡೆ ಅಂತ ಘೋಷಿಸಿಬಿಟ್ಟರೆ ಆ ಲೆಕ್ಕ ಇಲ್ಲ.

ಹಾಗಂತ ಕೋವಿ ಸಿಕ್ಕಿದರೆ ಎಲ್ಲ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸತ್ತ ಕಾಡಾನೆಗಳ ಮರಣೋತ್ತರ ಪರೀಕ್ಷೆಯಲ್ಲಿ ಚರ್ಮದಡಿ ಕೋವಿಯ ಹಳೇ ಚರೆಗಳು, ಅಂದರೆ ಸಣ್ಣ ಗುಂಡುಗಳು, ಸಿಗುವುದು ಅರಣ್ಯದ ಡಾಕ್ಟರುಗಳಿಗೆ ಹೊಸದಲ್ಲ. ಚರೆಯಿಂದ ಆನೆ ಸಾಯುವುದಿಲ್ಲ, ಕೀವಾಗಿ ರೊಚ್ಚಿಗೇಳುತ್ತದೆ, ಮುಂದಿನ ತೋಟದ ಕಾರ್ಮಿಕರ ಮೇಲೆ ಬೀಳುತ್ತದೆ. 2023ರ ಡಿಸೆಂಬರ್‌ನಲ್ಲಿ ಯಸಳೂರಿನ ಹತ್ತಿರ ದಸರಾ ಆನೆ ಅರ್ಜುನ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತದ್ದು ಎಲ್ಲರಿಗೂ ನೆನಪಿದೆ. ಪಳಗಿದ ಆನೆಗಳು, ಅರಿವಳಿಕೆ, ಅಷ್ಟು ಜನ ಸಿಬ್ಬಂದಿ ಇದ್ದಲ್ಲೇ ಹಾಗಾದರೆ, ಒಂಟಿನಳಿಗೆ ಹಿಡಿದ ಬೆಳೆಗಾರನದ್ದು ಏನು ಲೆಕ್ಕ? ರಾತ್ರಿ ಹಂದಿ ಅಂತ ಹೊಡೆದು ಜೊತೆಗೆ ಬಂದವನೇ ಸತ್ತ ಸುದ್ದಿಯೂ ಮಲೆನಾಡಿನಲ್ಲಿ ಆಗಾಗ ಬರುತ್ತದೆ. ಮೊದಲು ಅಪಘಾತ ಅನ್ನುತ್ತಾರೆ, ಆಮೇಲೆ ಕೋವಿಗೆ ಲೈಸೆನ್ಸೇ ಇರಲಿಲ್ಲ ಅಂತ ಗೊತ್ತಾಗುತ್ತದೆ.

ಊರಲ್ಲೇ ಕದ್ದು ಮಾಡಿಸಿಕೊಳ್ಳುವ ನಾಡಕೋವಿಯ ವಿಷಯ ಅದು. ದೇಶದಲ್ಲಿ ಬಂದೂಕಿನಿಂದ ಆಗುವ ಕೊಲೆಗಳಲ್ಲಿ ಬಹುಪಾಲು ಲೈಸೆನ್ಸ್ ಇಲ್ಲದ ಆಯುಧದಿಂದಲೇ. 2019ರ ತಿದ್ದುಪಡಿಯಲ್ಲಿ ಲೈಸೆನ್ಸ್ ಇಲ್ಲದ ಬಂದೂಕಿಗೆ ಶಿಕ್ಷೆ ಏರಿಸಿದರು, ಮದುವೆ-ಮೆರವಣಿಗೆಯಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿದರೆ 2 ವರ್ಷದ ತನಕ ಜೈಲು ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ ಅಂತ ಸೇರಿಸಿದರು. ಒಬ್ಬರ ಹೆಸರಲ್ಲಿ 3 ಕೋವಿ ಇಟ್ಟುಕೊಳ್ಳಬಹುದಿತ್ತು, ಅದನ್ನು 2ಕ್ಕೆ ಇಳಿಸಿದರು. ಮೊದಲ ಮಸೂದೆಯಲ್ಲಿ ಇದ್ದದ್ದು 1, ವಿರೋಧ ಬಂದ ಮೇಲೆ 2 ಆಯಿತು. ಒಳ್ಳೆಯದೂ ಒಂದು ಆಯಿತು: 3 ವರ್ಷಕ್ಕೊಮ್ಮೆ ಇದ್ದ ರಿನ್ಯೂವಲ್ 5 ವರ್ಷಕ್ಕೆ ಹೋಯಿತು. ಆದರೆ ಗಮನಿಸಿ, ಇದರಲ್ಲಿ ಹೆಚ್ಚು ತಾಪತ್ರಯ ಆದದ್ದು ಲೆಕ್ಕ ಕೊಡುವವರಿಗೆ. ಲೈಸೆನ್ಸ್ ಕೇಳಿ ಕೇಳಿ ಸಾಕಾದವನು ನಾಡಕೋವಿ ಮಾಡಿಸಿಕೊಂಡರೆ ಅವನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಬಾಗಿಲು ಮುಚ್ಚಿದಷ್ಟೂ ಸುರಕ್ಷಿತ ಅನ್ನುವ ಲೆಕ್ಕಾಚಾರ ಇಲ್ಲಿ ಕೈಕೊಡುತ್ತದೆ.

ಮನೆಯಲ್ಲಿ ಅಜ್ಜನ ಕಾಲದ ಕೋವಿ ಇರುವವರಿಗೆ ಒಂದು ಮಾತು. ಲೈಸೆನ್ಸ್ ಇದ್ದವರು ತೀರಿಕೊಂಡ ದಿನದಿಂದ ಆ ಪುಸ್ತಕಕ್ಕೆ ಬೆಲೆ ಇಲ್ಲ. ವಾರಸುದಾರರು ಕೋವಿಯನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಇಟ್ಟು, ಆಮೇಲೆ ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಸುಮ್ನೆ ಅಟ್ಟದ ಮೇಲೆ ಇಟ್ಟುಕೊಂಡರೆ ಅದೂ ಲೈಸೆನ್ಸ್ ಇಲ್ಲದ ಬಂದೂಕೇ. ಅರ್ಜಿ ತಿರಸ್ಕಾರ ಆದರೆ ಬಾಯಿಮಾತಿಗೆ ಒಪ್ಪಿ ಬರಬೇಡಿ, ಆದೇಶದ ಪ್ರತಿ ಮತ್ತು ಕಾರಣ ಲಿಖಿತವಾಗಿ ಕೇಳಿ. 18ನೇ ಸೆಕ್ಷನ್‌ನಲ್ಲಿ ಮೇಲ್ಮನವಿಗೆ ಅವಕಾಶ ಇದೆ, ಅದಾದ ಮೇಲೆ ಹೈಕೋರ್ಟಿಗೆ ರಿಟ್. ಆದರೆ ಒಂದು ತಿಳಿದಿರಲಿ. ಕೋರ್ಟು ಸಾಮಾನ್ಯವಾಗಿ ಲೈಸೆನ್ಸ್ ಕೊಟ್ಟುಬಿಡಿ ಅಂತ ಹೇಳುವುದಿಲ್ಲ, ಸರಿಯಾದ ಕಾರಣ ಬರೆದು ಮತ್ತೊಮ್ಮೆ ತೀರ್ಮಾನ ಮಾಡಿ ಅಂತ ಫೈಲನ್ನು ಅದೇ ಡಿಸಿ ಆಫೀಸಿಗೆ ವಾಪಸ್ ಕಳಿಸುತ್ತದೆ. ವಕೀಲರ ಫೀಸು ಕೊಡುವ ಮುಂಚೆ ಈ ಲೆಕ್ಕ ಹಾಕಿಕೊಳ್ಳಿ.